ಸಂಸಾರ ಹೊರುವ ಗಾಡಿ

ಭತ್ತ ಕೊಯ್ದು ಮುಗಿದ ಮೇಲೆ ಹೊನ್ನಾಳಿ ಸುತ್ತಿನ ಗದ್ದೆಗಳು ತಿಂಗಳೊಪ್ಪತ್ತು ಖಾಲಿ ಬೀಳುತ್ತವೆ. ಕೂಳೆ ಒಣಗಿ, ಬದುವಿನ ಹುಲ್ಲಷ್ಟೇ ಹಸಿರಾಗಿರುವ ಆ ದಿನಗಳಲ್ಲಿ ಜಗಳೂರು ಕಡೆಯ ಕುರಿಮಂದೆಗಳು ನಮ್ಮೂರಿನ ದಾರಿ ಹಿಡಿಯುತ್ತವೆ. ಗದ್ದೆಯಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಗೊಬ್ಬರ ನಮಗೆ, ಮೇವು ಕುರಿಗೆ, ರಾತ್ರಿಗೆ ಇಷ್ಟು ಎಂದು ದುಡ್ಡೋ ಕಾಳೋ ಕುರಿಗಾಹಿಗೆ. ಇದು ನಮ್ಮಜ್ಜನ ಕಾಲದಿಂದ ನಡೆದುಬಂದ ಲೆಕ್ಕ. ಆಗ ಮಂದೆಯ ಜೊತೆ ಕತ್ತೆಗಳು ಬರುತ್ತಿದ್ದವು. ಕತ್ತೆಯ ಬೆನ್ನ ಮೇಲೆ ಕಂಬಳಿ, ಬಲೆ, ಗೂಟ, ಪಾತ್ರೆ, ಹಿಟ್ಟಿನ ಚೀಲ. ಅದರ ಮೇಲೆ ಇನ್ನೂ ದೂರ ನಡೆಯಲಾರದ ಎಳೆಮರಿಗಳು. ಈಗ ಕತ್ತೆಯ ಜಾಗಕ್ಕೆ ಪಿಕಪ್ ಬಂದಿದೆ.

ಆ ಪಿಕಪ್ಪನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಡೆಕ್ಕಿನ ಮೇಲೆ ಕಬ್ಬಿಣದ ಪೈಪಿನಲ್ಲಿ ಕಟ್ಟಿದ ಅಟ್ಟ. ಅಟ್ಟದ ಕೆಳಗೆ ಹುಲ್ಲು ಹಾಸಿ ಮರಿ ತುಂಬಿದ ಜಾಗ, ಅದಕ್ಕೆ ಬಲೆಯ ತಡೆ. ಮೇಲೆ ಹಾಸಿಗೆಯ ಗಂಟು, ತಾಡಪಾಲು, ರಾಗಿ ಚೀಲ, ಗ್ಯಾಸ್ ಸಿಲಿಂಡರ್, ಮೊಬೈಲ್ ಚಾರ್ಜಿಗೆಂದು ಕ್ಯಾಬಿನ್ ನೆತ್ತಿಗೆ ಬಿಗಿದ ಪುಟ್ಟ ಸೋಲಾರ್ ಹಲಗೆ. ಹಿಂಬಾಗಿಲಿನ ಪಕ್ಕ ನೀಲಿ ನೀರಿನ ಡ್ರಮ್ಮು. ಸಂಜೆಯಾದರೆ ಗಾಡಿಯ ಮಗ್ಗುಲಿಗೆ ತಾಡಪಾಲು ಇಳಿಬಿಟ್ಟು ನಾಲ್ಕು ಗೂಟ ಹೊಡೆದರೆ ಮನೆ ಸಿದ್ಧ. ಒಲೆ ಉರಿಯುತ್ತದೆ, ಮುದ್ದೆ ಬೇಯುತ್ತದೆ, ಮಗು ಗಾಡಿಯ ಚಕ್ರಕ್ಕೊರಗಿ ನಿದ್ದೆಹೋಗುತ್ತದೆ.

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಪಿಕಪ್ಪಿನ ಬೆನ್ನಿಗೆ ಮಂಚ, ಒಲೆ, ನೀರಿನ ತೊಟ್ಟಿ ಇರುವ ಗೂಡಿನಂಥ ಮನೆಯೊಂದನ್ನು ಕೂರಿಸಿಕೊಂಡು ತಿಂಗಳುಗಟ್ಟಲೆ ಸುತ್ತುವವರಿದ್ದಾರೆ. ಆ ಗೂಡಿಗೆ ಕ್ಯಾಂಪರ್ ಎನ್ನುತ್ತಾರೆ. ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಕ್ಯಾಂಪರ್ ಎಂದರೆ ಬೇರೆ. ಎರಡು ಸಾಲು ಸೀಟು, ಹಿಂದೆ ಮೋಟು ಡೆಕ್ಕು ಇರುವ ಮಹೀಂದ್ರ ಬೊಲೆರೊ ಗಾಡಿಗೆ ಇಲ್ಲಿ ಆ ಹೆಸರು. ಇನ್ನು 'ಕ್ಯಾಂಪು' ಎಂದರೆ, ಭದ್ರಾ ನಾಲೆಗೆ ನೀರು ಹರಿದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರು. ಈ ಮೂರೂ ಅರ್ಥಗಳ ನಡುವೆ ನಾನು ಹೋದ ವರ್ಷ ಹದಿನೈದು ದಿನ ಓಡಾಡಿದೆ. ನಮ್ಮ ಗದ್ದೆಗೆ ಮಂದೆ ತರುವ ಯಜಮಾನರು ಹಳೆಯ ಗಾಡಿಯೊಂದನ್ನು ಕೊಳ್ಳಬೇಕಿತ್ತು. "ನೀವು ಓದಿದೋರು, ಕಾಗ್ದ ಪತ್ರ ನೋಡಾಕ ನಮ್ ಜೊತಿ ಬರ್ರಿ" ಎಂದರು. ಕಾಗದ ನೋಡಲು ಹೋದವನು ನಾನು ಕಲಿತದ್ದು ಕಬ್ಬಿಣವನ್ನು, ತೂಕವನ್ನು.

ಈ ಸೀಮೆಗೆ ಹೊರುವ ಕಸುಬು ಹೊಸದಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಹುಟ್ಟೂರು; ಅವರು ಹುಟ್ಟಿದ್ದು 1739ರ ಫೆಬ್ರುವರಿ 15ರಂದು ಎಂದು ಬಂಜಾರ ಸಮುದಾಯ ನಂಬುತ್ತದೆ. ಬಂಜಾರರು ಎತ್ತಿನ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದವರು. ಸೈನ್ಯಗಳು ಉಂಡದ್ದು ಅವರು ತಂದ ಕಾಳನ್ನು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ 1800ರಲ್ಲಿ ಆರ್ಥರ್ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದಾಗ ಅವನ ಪತ್ರಗಳ ತುಂಬ ಇದ್ದದ್ದು ಎತ್ತು, ಧಾನ್ಯ, ಬಂಜಾರರ ಚಿಂತೆಯೇ. ಎತ್ತು ಎಷ್ಟು ಹೊರಬಲ್ಲದು, ಎಷ್ಟು ದಿನ ಹೊರಬಲ್ಲದು ಎಂಬ ಲೆಕ್ಕ ತಪ್ಪಿದರೆ ಸೈನ್ಯ ನಿಲ್ಲುತ್ತಿತ್ತು. ಗಾಡಿ ಕೊಳ್ಳುವಾಗ ನಾವು ಕೇಳಬೇಕಾದ ಪ್ರಶ್ನೆಯೂ ಅದೇ. ಆದರೆ ನಾವು ಕೇಳುವುದು ಮಾಡೆಲ್ ಯಾವುದು, ಎಷ್ಟು ಓಡಿದೆ, ಕೊನೆಯ ರೇಟು ಎಷ್ಟು, ಇಷ್ಟೇ.

ಮೊದಲ ಗಾಡಿ ನೋಡಿದ್ದು ನ್ಯಾಮತಿ ಕಡೆ. 1.7 ಟನ್ನಿನ ಬೊಲೆರೊ ಪಿಕಪ್. ಹೊಳೆಯುವ ಬಿಳಿ ಬಣ್ಣ, ಹೊಸ ಸೀಟ್ ಕವರ್, ಸ್ಟೇರಿಂಗಿಗೆ ನಿಂಬೆಹಣ್ಣು. ಯಜಮಾನರ ಮಗನಿಗೆ ನೋಡಿದ ಕೂಡಲೇ ಹಿಡಿಸಿತು. ನಮ್ಮ ಜೊತೆ ಹೊನ್ನಾಳಿಯ ಹಳೆಯ ಮೇಸ್ತ್ರಿಯೊಬ್ಬರು ಬಂದಿದ್ದರು. ಅವರು ಬಾನೆಟ್ ಎತ್ತಲಿಲ್ಲ. ಒಂದು ಗೋಣಿಚೀಲ ಕೇಳಿ ಪಡೆದು, ಗಾಡಿಯ ಹಿಂಬದಿಯ ಕೆಳಗೆ ಹಾಸಿಕೊಂಡು ಅಂಗಾತ ಮಲಗಿದರು. "ಬರ್ರಿ ಸಾರ್, ನೀವೂ ಮಲಗ್ರಿ. ಗಾಡಿ ನೋಡೋದು ನಿಂತ್ಕೊಂಡಲ್ಲ" ಎಂದರು. ಮಲಗಿದೆ.

ಟಾರ್ಚಿನ ಬೆಳಕಲ್ಲಿ ಅವರು ತೋರಿಸಿದ್ದು ಎರಡು ಉದ್ದನೆಯ ಕಬ್ಬಿಣದ ತೊಲೆಗಳನ್ನು. ಅದೇ ಚಾಸಿ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಚಾಸಿಗೆ ಕೂಡುವ ಜಾಗದಲ್ಲಿ ದಪ್ಪಗೆ ಕಪ್ಪು ಬಣ್ಣ ಬಳಿದಿತ್ತು. ಉಳಿದ ಕಡೆ ಧೂಳು, ಅಲ್ಲಿ ಮಾತ್ರ ಹೊಸ ಬಣ್ಣ. ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಕೆರೆದರು. ಬಣ್ಣದ ಕೆಳಗೆ ವೆಲ್ಡಿಂಗಿನ ಗಂಟುಗಳು, ಜರಿಹುಳದ ಬೆನ್ನಿನ ಹಾಗೆ. ಇನ್ನೊಂದು ಮಗ್ಗುಲಲ್ಲೂ ಅದೇ. ಆಮೇಲೆ ಪ್ಲೇಟುಗಳನ್ನು ಎಣಿಸಿದರು. ಎರಡು ಪ್ಲೇಟು ಬೇರೆ ದಪ್ಪದವು, ಬೇರೆ ತುಕ್ಕಿನವು, ಆಮೇಲೆ ಸೇರಿಸಿದ್ದು. "ಪ್ಲೇಟ್ ಏರಿಸಿದಾರೆ ಅಂದ್ರೆ ಹೇರಬಾರದ್ದು ಹೇರಿದಾರೆ. ಪ್ಲೇಟ್ ತಡ್ಕಂತು, ಚಾಸಿ ತಡ್ಕಣ್ಲಿಲ್ಲ."

ಮರಳು ಹೊಡೆದ ಗಾಡಿ ಎಂಬ ಮಾತು ಹೊಳೆಸಾಲಿನ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಹಸಿ ಮರಳು ಒಂದು ಘನ ಮೀಟರಿಗೆ ಹತ್ತಿರ ಹತ್ತಿರ 2 ಟನ್ ತೂಗುತ್ತದೆ. ಪಿಕಪ್ಪಿನ ಡೆಕ್ಕು ಅರ್ಧ ತುಂಬುವ ಹೊತ್ತಿಗೆ ಅದರ ಮಿತಿ ಮುಗಿದಿರುತ್ತದೆ. ಕಣ್ಣಿಗೆ ಮಾತ್ರ ಇನ್ನೂ ಅರ್ಧ ಖಾಲಿ ಕಾಣುತ್ತದೆ. ಕಣ್ಣಿನ ಮಾತು ಕೇಳಿ ತುಂಬಿದ ಗಾಡಿ ಒಳಗೊಳಗೇ ಸೀಳುತ್ತದೆ. ಹೀಗೆ ದುಡಿದ ಗಾಡಿಯ ಎಂಜಿನ್ ಚೆನ್ನಾಗಿಯೇ ಇರಬಹುದು. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಚಾಸಿ ಬಿರುಕು ಬಿಟ್ಟ ಗಾಡಿಯ ಬೆನ್ನ ಮೇಲೆ ಹೆಂಗಸರು ಮಕ್ಕಳ ಹಾಸಿಗೆಯನ್ನು, ನೀರನ್ನು, ಮರಿಗಳನ್ನು ಹೇರಿ ರಾತ್ರಿ ಹೊತ್ತು ನಾಲೆ ಏರಿಯ ಮೇಲೆ ಹೋಗುವುದು ಬೇರೆ ಮಾತು. ಆ ಗಾಡಿ ಬೇಡವೆಂದು ಹೊರಟೆವು. ಮಗನ ಮುಖ ಬಾಡಿತ್ತು.

ಅಂದು ದಾರಿಯಲ್ಲಿ ಮೇಸ್ತ್ರಿ ಹೇಳಿದ ಮಾತುಗಳನ್ನು ನಾನು ಮನೆಗೆ ಬಂದು ಬರೆದಿಟ್ಟೆ. ಹಳೆಯ ಗಾಡಿಗೆ ವಯಸ್ಸಿಗಿಂತ ಕಸುಬು ಮುಖ್ಯ ಎನ್ನುವುದು ಅವರ ಒಟ್ಟು ಅನುಭವ. ಜಗಳೂರು ಕಡೆ ಮೆಕ್ಕೆಜೋಳ, ಈರುಳ್ಳಿ ಹೇರಿ ದಾವಣಗೆರೆ ಎಪಿಎಂಸಿಗೆ ಓಡಿದ ಗಾಡಿಯ ಡೆಕ್ಕಿನ ಪಕ್ಕೆಗಳು ಹೊರಕ್ಕೆ ಉಬ್ಬಿರುತ್ತವೆ. ಚೀಲ ಎತ್ತರಕ್ಕೆ ಒಟ್ಟಿದ ಗುರುತು ಅದು. ಯೂರಿಯಾ, ಪೊಟ್ಯಾಷ್ ಹೊತ್ತ ಗಾಡಿಯ ತಳದ ತಗಡನ್ನು ಗೊಬ್ಬರ ತಿಂದಿರುತ್ತದೆ. ಕುರಿ ಸಾಗಿಸಿದ ಗಾಡಿಗೆ ಗಂಜಲವೇ ಶತ್ರು. ತೊಳೆಯದೆ ಬಿಟ್ಟರೆ ಅದು ಡೆಕ್ಕಿನ ಸಂದಿಗಳಿಂದ ಇಳಿದು ಚಾಸಿಯ ಒಳಗೋಡೆಗೆ ಕೂತು ವರ್ಷದೊಳಗೆ ಹುಣ್ಣು ಮಾಡುತ್ತದೆ. ಅಡಿಕೆ ಸೀಮೆಯ ಗಾಡಿ ವರ್ಷದಲ್ಲಿ ಕೆಲವು ತಿಂಗಳು ಹಗಲು ರಾತ್ರಿ ದುಡಿಯುತ್ತದೆ, ಉಳಿದ ದಿನ ನೆರಳಲ್ಲಿ ನಿಂತಿರುತ್ತದೆ. "ಕೊಡೋನು ಏನ್ ಹೇರ್ತಿದ್ದ ಅಂತ ಅವನನ್ನ ಕೇಳ್ಬೇಡ್ರಿ. ಅವನ ಊರಿನ ಪಂಕ್ಚರ್ ಅಂಗಡೀಲಿ ಕೇಳ್ರಿ" ಎಂದಿದ್ದರು. ಇದಕ್ಕಿಂತ ಒಳ್ಳೆಯ ಸಲಹೆಯನ್ನು ಗಾಡಿಯ ವಿಷಯದಲ್ಲಿ ನಾನು ಇನ್ನೂ ಕೇಳಿಲ್ಲ.

ಎರಡನೆಯದು ಸೀಜಿಂಗ್ ಗಾಡಿ. ಮಾಲೀಕರು ಕಂತು ಕಟ್ಟಲಿಲ್ಲವೆಂದು ಫೈನಾನ್ಸಿನವರು ಎಳೆದುತಂದು ನಿಲ್ಲಿಸಿದ್ದು. ಬೆಲೆ ಪೇಟೆಗಿಂತ ಎಷ್ಟೋ ಕಡಿಮೆ. ಬಿಸಿಲು ಮಳೆಯಲ್ಲಿ ನಿಂತೂ ನಿಂತೂ ಟೈರು ಬಿರಿದಿದ್ದವು, ವೈರುಗಳನ್ನು ಇಲಿ ಕಡಿದಿತ್ತು. ಬ್ಯಾಟರಿ ಇರಲಿಲ್ಲ, ಓಡಿಸಿ ನೋಡಲು ಅವಕಾಶವೂ ಇರಲಿಲ್ಲ. ಇದ್ದ ಹಾಗೆಯೇ ಎತ್ತಿಕೊಂಡು ಹೋಗಬೇಕು. ರಿಪೇರಿ ಬಲ್ಲವರಿಗೆ, ಕಾಯುವ ಶಕ್ತಿ ಇದ್ದವರಿಗೆ ಅದು ಲಾಭದ ವ್ಯಾಪಾರವೇ ಇರಬಹುದು. ಹತ್ತು ದಿನದಲ್ಲಿ ಮಂದೆಯ ಜೊತೆ ಹೊರಡಬೇಕಾದವರಿಗೆ ಅಲ್ಲ.

ನಡುವೆ ಒಂದು ದಿನ ಯಜಮಾನರ ಜೊತೆ ಕುಳಿತು ಗಾಡಿಗೆ ಏನೇನು ಹೇರಬೇಕು ಎಂದು ಪಟ್ಟಿ ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ನೀರಿನ ಡ್ರಮ್ಮು 200 ಲೀಟರಿನದು, ಎಂದರೆ ತುಂಬಿದಾಗ 200 ಕೆಜಿಯ ಮೇಲೆ. ಗ್ಯಾಸ್ ತುಂಬಿದ ಸಿಲಿಂಡರ್ 30 ಕೆಜಿ ಹತ್ತಿರ. ಮರಿಗಳು 30 ಇದ್ದು ತಲಾ 10 ಕೆಜಿ ಹಿಡಿದರೂ 300. ರಾಗಿ, ಅಕ್ಕಿ, ಬೇಳೆ, ಮರಿಗಳಿಗೆ ಮೆಕ್ಕೆಜೋಳದ ನುಚ್ಚು ಎಲ್ಲ ಸೇರಿ 150. ತಾಡಪಾಲು, ಬಲೆ, ಗೂಟ, ಹಾಸಿಗೆ, ಪಾತ್ರೆ 120. ಅಟ್ಟದ ಕಬ್ಬಿಣ ಎಷ್ಟೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ. ಅದಿಲ್ಲದೆಯೇ 800 ಕೆಜಿ ಆಯಿತು. ಯಜಮಾನರು ಬೆರಳು ಮಡಚಿ ಮಡಚಿ ಎಣಿಸಿ, "ಕತ್ತಿ ಮ್ಯಾಲೆ ಹೇರುವಾಗ ತೂಕ ಗೊತ್ತಾಗ್ತಿತ್ತು. ಅದು ನಿಂತೇ ಬಿಡ್ತಿತ್ತು. ಇದು ನಿಲ್ಲಂಗಿಲ್ಲ ನೋಡ್ರಿ" ಎಂದರು.

ಆಮೇಲೆ ನಾನು ಕೇಳಿದೆ, ಗಾಡಿಯಲ್ಲಿ ಜನ ಎಷ್ಟು? ಗಂಡಸರು ಮೂವರು ಮಂದೆಯ ಜೊತೆ ನಡೆಯುತ್ತಾರೆ. ಗಾಡಿಯಲ್ಲಿ ಬರುವವರು ಓಡಿಸುವ ಮಗ, ಅವನ ಹೆಂಡತಿ, ಯಜಮಾನರ ಮನೆಯವರು, ಇಬ್ಬರು ಮಕ್ಕಳು. ಐದು ಜನ. ಒಂಟಿ ಕ್ಯಾಬಿನ್ನಿನ ಪಿಕಪ್ಪಿನ ಆರ್‌ಸಿಯಲ್ಲಿ ಸೀಟು ಎಂದು ಬರೆದಿರುವುದು ಡ್ರೈವರ್ ಸೇರಿ 2 ಅಥವಾ 3. ಉಳಿದವರು? "ಹಿಂದ್ ಕುಂದರ್ತಾರೆ, ಮರಿ ಸಂಗಾಟ."

ಇಲ್ಲಿಗೆ ನಮ್ಮ ಹುಡುಕಾಟದ ದಿಕ್ಕೇ ಬದಲಾಯಿತು. ಸರಕು ಗಾಡಿಯ ಡೆಕ್ಕಿನಲ್ಲಿ ಜನ ಕೂರುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ತಪ್ಪೆಂದು ಯಾರಿಗೂ ಅನಿಸುವುದಿಲ್ಲ. ಮದುವೆಗೆ, ಜಾತ್ರೆಗೆ, ಅಡಿಕೆ ಕೊಯ್ಲಿಗೆ, ನಾಟಿಗೆ ಎಲ್ಲದಕ್ಕೂ ಪಿಕಪ್ಪೇ. ಅಪಘಾತವಾದ ಮೇಲೆ ಗೊತ್ತಾಗುತ್ತದೆ, ಡೆಕ್ಕಿನಲ್ಲಿ ಪುಕ್ಕಟೆ ಕೂತು ಬಂದವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಎಂದು. ಸುಪ್ರೀಂ ಕೋರ್ಟ್ 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಕೈಕಾಲು ಮುರಿದವರು, ಸತ್ತವರ ಮನೆಯವರು ಪರಿಹಾರ ಕೇಳಬೇಕಾದ್ದು ಗಾಡಿಯ ಮಾಲೀಕನನ್ನು. ಕುರಿಗಾಹಿಯ ಸಂಸಾರದಲ್ಲಿ ಮಾಲೀಕ ಯಾರು? ಅದೇ ಡೆಕ್ಕಿನಲ್ಲಿ ಕೂತವಳ ಗಂಡ, ಇಲ್ಲವೇ ಮಾವ. ಇದನ್ನು ವಿವರಿಸುವಾಗ ನನ್ನ ಗಂಟಲು ಕಟ್ಟಿತು. ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಸೀಟ್ ಇರೋ ಗಾಡೀನೇ ನೋಡಾಣ" ಎಂದರು.

ಸೀಟು ಇರುವ ಸರಕು ಗಾಡಿ ಎಂದರೆ ಕ್ಯಾಂಪರ್. ಐದು ಜನ ಕ್ಯಾಬಿನ್ನಿನೊಳಗೆ, ಹಿಂದೆ ಸುಮಾರು 1 ಟನ್ ಭಾರ. ಡೆಕ್ಕು ಮೋಟು, ಒಪ್ಪಿದೆ. ಟಾಟಾ ಏಸ್ 2005ರಲ್ಲಿ ಬಂದಾಗಿನಿಂದ ನಮ್ಮ ಹಳ್ಳಿಗಳ ಸಣ್ಣ ಸಾಗಣೆಯನ್ನು ಅದೇ ಹೊತ್ತಿದೆ. ಆದರೆ ಅದರ ಶಕ್ತಿ ಮುಕ್ಕಾಲು ಟನ್ನಿನದು. ನಮ್ಮ ಪಟ್ಟಿಗೆ ಸಾಲದು. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಒಂದೂಕಾಲು ಟನ್ ಹೊರುತ್ತದೆ, ಒಳ್ಳೆಯ ಗಾಡಿ, ಆದರೆ ಸೀಟಿನ ತೊಂದರೆ ಹಾಗೇ ಉಳಿಯುತ್ತದೆ. ಸರಕು ಮಾತ್ರ ಹೊರುವವರಿಗೆ ನಾನು ಒಂಟಿ ಕ್ಯಾಬಿನ್ನೇ ಹೇಳುತ್ತೇನೆ. ಸಂಸಾರ ಹೊರುವವರಿಗೆ ಕ್ಯಾಂಪರ್ ಬಿಟ್ಟರೆ ಈ ಬೆಲೆಯಲ್ಲಿ ಬೇರೆ ದಾರಿ ನನಗೆ ಕಾಣಲಿಲ್ಲ.

ಮೂರನೇ ಗಾಡಿ ಚನ್ನಗಿರಿಯಲ್ಲಿ ಸಿಕ್ಕಿತು. ಅಡಿಕೆ ಖೇಣಿ ಮಾಡುವವರೊಬ್ಬರದು. ಫಸಲು ಹಿಡಿದ ತೋಟಕ್ಕೆ ಕೊನೆಗಾರರನ್ನು ಸೀಟಿನಲ್ಲಿ, ದೋಟಿ, ಹಗ್ಗ, ಚೀಲಗಳನ್ನು ಡೆಕ್ಕಿನಲ್ಲಿ ಒಯ್ಯುತ್ತಿದ್ದ 2017ರ ಕ್ಯಾಂಪರ್. ಓಡಿದ್ದು ಒಂದೂಮುಕ್ಕಾಲು ಲಕ್ಷ ಕಿಲೊಮೀಟರಿನ ಮೇಲೆ. ಬಾಗಿಲಿನ ಅಂಚಿಗೆ ತುಕ್ಕು, ಹಿಂದಿನ ಸೀಟು ಹರಿದು ಸ್ಪಂಜು ಕಾಣುತ್ತಿತ್ತು. ನ್ಯಾಮತಿಯ ಗಾಡಿಯ ಮುಂದೆ ಇದು ಮುದುಕ.

ಮೇಸ್ತ್ರಿ ಹಿಂದಿನ ಸಂಜೆಯೇ ಫೋನಿನಲ್ಲಿ ಒಂದು ಮಾತು ಹೇಳಿದ್ದರು: ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಬೆಳಿಗ್ಗೆ ಏಳಕ್ಕೆ ಹೋದವರು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಬಿಸಿ ಮಾಡಿಟ್ಟ ಡೀಸೆಲ್ ಎಂಜಿನ್ ಯಾವುದಾದರೂ ಒಂದೇ ಸಲಕ್ಕೆ ಏಳುತ್ತದೆ, ಅದರ ರೋಗ ಗೊತ್ತಾಗುವುದು ತಣ್ಣಗಿರುವಾಗ. ಎರಡನೇ ಸುತ್ತಿಗೆ ಎದ್ದಿತು. ಹೊಗೆ ಮೊದಲು ತುಸು ಬಿಳಿ, ಆಮೇಲೆ ತಿಳಿ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದರ ಬಾಯಿಯ ಮೇಲೆ ತಲೆಕೆಳಗಾಗಿ ಇಟ್ಟರು. ಮುಚ್ಚಳ ಅಲುಗಿತು, ಹಾರಲಿಲ್ಲ. ಹಾರಿದರೆ, ಬಾಯಿಂದ ಹೊಗೆ ಬುಸುಗುಟ್ಟಿದರೆ ಬ್ಯಾಕ್ ಕಂಪ್ರೆಷನ್. ಪಿಸ್ಟನ್ ರಿಂಗು ಸವೆದು ಎಂಜಿನ್ ರಿಪೇರಿಗೆ ಬಂದಿದೆ ಎಂದರ್ಥ. ರೇಡಿಯೇಟರಿನ ನೀರಲ್ಲಿ ಎಣ್ಣೆಯ ಪದರ ಇದೆಯೇ ನೋಡಿದರು. ಮತ್ತೆ ಗೋಣಿಚೀಲ, ಮತ್ತೆ ಚಾಸಿ. ಧೂಳು ಒಂದೇ ಸಮ ಕೂತಿತ್ತು, ಹೊಸ ಬಣ್ಣ ಎಲ್ಲಿಯೂ ಇಲ್ಲ, ಪ್ಲೇಟುಗಳೆಲ್ಲ ಒಂದೇ ವಯಸ್ಸಿನವು. ಬಾಗಿಲು ತುಕ್ಕು ಹಿಡಿದಿದೆಯಲ್ಲ ಎಂದೆ. "ಅದು ಚರ್ಮ ಸಾರ್. ಇದು ಮೂಳೆ" ಎಂದು ಚಾಸಿ ತಟ್ಟಿದರು.

ಟೈರಿನ ವಿಷಯದಲ್ಲಿ ಒಂದು ಮಾತು. ಟೈರಿನ ಪಕ್ಕೆಯಲ್ಲಿ ಉದ್ದನೆಯ ಸಂಕೇತದ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಇನ್ನೂ ಆಳವಿದೆ ಎಂದು ಹಳೆಯ ಟೈರನ್ನು ನಂಬಬಾರದು, ಭಾರ ಬಿದ್ದಾಗ ಬಿರಿಯುವುದು ಪಕ್ಕೆ. ಈ ಗಾಡಿಯ ಹಿಂದಿನ ಎರಡು ಟೈರು ಹಳೆಯವಾಗಿದ್ದವು. ಅವುಗಳ ದುಡ್ಡನ್ನು ಬೆಲೆಯಲ್ಲಿ ಮುರಿಸಿಕೊಂಡೆವು.

ಖಾಲಿ ಗಾಡಿಯನ್ನು ಊರೊಳಗೆ ಒಂದು ಸುತ್ತು ಹೊಡೆದು ಬಂದರೆ ಏನೂ ತಿಳಿಯುವುದಿಲ್ಲ. ಮೇಸ್ತ್ರಿ ಹಟ ಹಿಡಿದು ಹತ್ತು ಚೀಲ ಮೆಕ್ಕೆಜೋಳ ಹೇರಿಸಿದರು. ಸೂಳೆಕೆರೆ ಕಡೆಯ ಏರುರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ತುಳಿದರು. ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ ಪ್ಲೇಟು ಹೋಗಿದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯುತ್ತದೆಯೇ, ಗೇರು ತಾನಾಗಿ ಕಳಚುತ್ತದೆಯೇ, ಹಿಂದಿನ ಹೌಸಿಂಗಿನಿಂದ ಗುಂಯ್ ಎನ್ನುವ ಸದ್ದು ಬರುತ್ತದೆಯೇ. ಭಾರ ಹೇರಿದಾಗ ಮಾತ್ರ ಗಾಡಿ ಬಾಯಿ ಬಿಡುತ್ತದೆ.

ವಾಪಸು ಬರುವಾಗ ಚೀಲ ಇಳಿಸಿ, ಖಾಲಿ ಗಾಡಿಯನ್ನು ವೇ ಬ್ರಿಜ್ ಹತ್ತಿಸಿದೆವು. ಅಡಿಕೆ, ಮೆಕ್ಕೆಜೋಳದ ಪೇಟೆ ಇರುವ ಕಡೆಯಲ್ಲೆಲ್ಲ ವೇ ಬ್ರಿಜ್ ಇದ್ದೇ ಇದೆ, ಖರ್ಚು ಒಂದಷ್ಟು ರೂಪಾಯಿ. ಆದರೂ ಗಾಡಿ ಕೊಳ್ಳುವ ಮುಂಚೆ ತೂಗಿಸಿ ನೋಡಿದವರನ್ನು ನಾನು ಕಂಡಿರಲಿಲ್ಲ. ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ: ಖಾಲಿ ಗಾಡಿಯದು, ಭಾರ ಹೇರಿದಾಗ ಮೀರಬಾರದ ಒಟ್ಟು ತೂಕದ್ದು. ಎರಡರ ವ್ಯತ್ಯಾಸವೇ ನೀವು ಹೊರಬಹುದಾದ ಭಾರ, ಅದರಲ್ಲಿ ಕೂತವರ ತೂಕವೂ ಸೇರಿತು. ಕಷ್ಟವೆಂದರೆ ಹಳೆಯ ಗಾಡಿಯ ಖಾಲಿ ತೂಕ ಆರ್‌ಸಿಯಲ್ಲಿ ಇದ್ದಷ್ಟೇ ಉಳಿದಿರುವುದಿಲ್ಲ. ಮಾಲೀಕರು ಬಾಡಿ ಎತ್ತರಿಸಿರುತ್ತಾರೆ, ದಪ್ಪ ತಗಡು ಹಾಸಿರುತ್ತಾರೆ, ಮುಂದೆ ಗಾರ್ಡು, ಮೇಲೆ ಕ್ಯಾರಿಯರ್ ಕೂರಿಸಿರುತ್ತಾರೆ. ಚನ್ನಗಿರಿಯ ಕ್ಯಾಂಪರ್ ಆರ್‌ಸಿಗಿಂತ 90 ಕೆಜಿ ಹೆಚ್ಚು ತೂಗಿತು. ಕುತೂಹಲಕ್ಕೆ ಯಜಮಾನರ ನೆಂಟರೊಬ್ಬರ ಅಟ್ಟ ಕಟ್ಟಿದ ಪಿಕಪ್ಪನ್ನು ಇನ್ನೊಂದು ದಿನ ತೂಗಿಸಿದೆವು. 340 ಕೆಜಿ ಹೆಚ್ಚು. ಒಂದು ಮರಿಯನ್ನೂ ಹತ್ತಿಸುವ ಮೊದಲೇ ಆ ಗಾಡಿ ಆರೇಳು ಚೀಲದ ಭಾರ ಹೊತ್ತು ನಿಂತಿತ್ತು.

ಹಾಗಾಗಿ ನಮ್ಮ ಕ್ಯಾಂಪರಿಗೆ ಕಬ್ಬಿಣದ ಅಟ್ಟ ಕಟ್ಟಿಸಲಿಲ್ಲ. ಬಿದಿರಿನ ತಟ್ಟಿ ಹಾಕಿಸಿದೆವು, ಹಗ್ಗ ಬಿಚ್ಚಿದರೆ ಇಳಿಯುವಂಥದ್ದು. 200 ಲೀಟರಿನ ಡ್ರಮ್ಮು ಬಿಟ್ಟು 20 ಲೀಟರಿನ ನಾಲ್ಕು ಕ್ಯಾನು. ಜಗಳೂರಿನಲ್ಲಿ ನೀರು ಹೊತ್ತೇ ಬದುಕಿದವರಿಗೆ ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಅಲ್ಲಿನ 57 ಕೆರೆ ತುಂಬಿಸುವ ಯೋಜನೆ ಬರುವ ತನಕ ನೀರು ಎಂದರೆ ಟ್ಯಾಂಕರು ಎಂದು ಬೆಳೆದ ಊರುಗಳವು. "ನೀವು ಹೋಗೋದು ಭದ್ರಾ ನಾಲೆ ಕಡೆಗಲ್ವಾ, ಅಲ್ಲಿ ಹೆಜ್ಜೆಗೊಂದು ಬೋರ್‌ವೆಲ್ ಇದೆ" ಎಂದು ಸೊಸೆಯೇ ಮಾವನಿಗೆ ಹೇಳಿದಳು. ಭಾರವಾದದ್ದನ್ನೆಲ್ಲ ಕ್ಯಾಬಿನ್ನಿನ ಬೆನ್ನಿಗೆ ತಾಗಿಸಿ, ಹಿಂದಿನ ಚಕ್ರಕ್ಕಿಂತ ಮುಂದೆ, ಆದಷ್ಟು ಕೆಳಗೆ ಇಡಬೇಕು ಎಂದು ಮೇಸ್ತ್ರಿ ಮಗನಿಗೆ ತೋರಿಸಿಕೊಟ್ಟರು. ಭಾರ ಹಿಂದಕ್ಕೆ ಹೋದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಮೇಲಕ್ಕೆ ಹೋದರೆ ತಿರುವಿನಲ್ಲಿ ಗಾಡಿ ವಾಲುತ್ತದೆ.

ನನ್ನನ್ನು ಕರೆದೊಯ್ದ ಕೆಲಸ ಕಾಗದದ್ದು. ಅದನ್ನೂ ಹೇಳಿಬಿಡುತ್ತೇನೆ. ಗಾಡಿಯ ಮೇಲೆ ಸಾಲವಿದ್ದರೆ ಫೈನಾನ್ಸಿನ ಎನ್‌ಒಸಿ, ಫಾರಂ 35 ಸಿಕ್ಕು ಆರ್‌ಸಿಯಿಂದ ಸಾಲದ ನಮೂದು ತೆಗೆಸಿದ ಮೇಲೆಯೇ ಪೂರ್ತಿ ಹಣ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಹಿ ಹಾಕಿದ ಖಾಲಿ ಫಾರಂ ಇಟ್ಟುಕೊಂಡು ವರ್ಷಗಟ್ಟಲೆ ಇನ್ನೊಬ್ಬರ ಹೆಸರಿನಲ್ಲೇ ಓಡಿಸುವುದು ನಮ್ಮಲ್ಲಿ ರೂಢಿ. ಅದು ಮಾರಿದವರಿಗೂ ಉರುಳು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಳದಿ ಬೋರ್ಡಿನ ಗಾಡಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ, ಮೀರಿದರೆ ಬೇಕು. ಲೈಸೆನ್ಸಿನ ಗೊಂದಲ 2024ರ ನವೆಂಬರಿನಲ್ಲಿ ಬಗೆಹರಿದಿದೆ. 7,500 ಕೆಜಿ ಮೀರದ ಸಾರಿಗೆ ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ವಿಮೆಯ ಕಾಗದದಲ್ಲಿ ಎಷ್ಟು ಸೀಟಿಗೆ ರಕ್ಷಣೆ ಇದೆ ಎಂಬುದನ್ನು ಮಾತ್ರ ಏಜೆಂಟರ ಬಾಯಿಮಾತಿಗೆ ಬಿಡದೆ ನೀವೇ ಓದಿ ನೋಡಿ. ಕ್ಯಾಂಪರಿನಲ್ಲಿ ಐದು ಸೀಟಿದ್ದ ಮಾತ್ರಕ್ಕೆ ಐವರಿಗೂ ವಿಮೆ ಇದೆ ಎಂದಲ್ಲ.

ಇತ್ತೀಚೆಗೆ ಊರು ಸುತ್ತಲೆಂದೇ ಹಳೆಯ ಪಿಕಪ್ ಕೊಂಡು ಅದರ ಮೇಲೆ ಮಂಚ, ಅಡುಗೆಕಟ್ಟೆ ಕಟ್ಟಿಸುವ ಆಸೆಯ ಹುಡುಗರು ನಮ್ಮ ಕಡೆಯೂ ಇದ್ದಾರೆ. ಆಸೆ ಚೆನ್ನಾಗಿದೆ. ಆದರೆ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆಯಾಗಿ ಗಾಡಿಯನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯೊಡ್ಡುತ್ತದೆ. ಮೋಟಾರ್ ಕ್ಯಾರವಾನ್, ಕ್ಯಾಂಪರ್ ವ್ಯಾನ್ ಎಂಬ ನೋಂದಣಿ ವರ್ಗಗಳೇ ಇವೆ. ಶಾಶ್ವತವಾಗಿ ಮನೆ ಕಟ್ಟಿಸುವವರು ವೆಲ್ಡಿಂಗ್ ಶಾಪಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು. ಇಲ್ಲವಾದರೆ ಕುರಿಗಾಹಿಗಳ ಹಾಗೆ ಎಲ್ಲವನ್ನೂ ಇಳಿಸಬಹುದಾದ ಸಾಮಾನಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಅದು ಹಗುರವೂ ಹೌದು.

ಕ್ಯಾಂಪರಿಗೆ ಯಜಮಾನರು ಕೊಟ್ಟದ್ದು 4.80 ಲಕ್ಷ. ಹಿಂದಿನ ಟೈರು, ಸೀಟಿನ ರಿಪೇರಿ, ಹೆಸರು ಬದಲಾವಣೆ, ವಿಮೆ ಸೇರಿ ಇನ್ನೂ ಅರವತ್ತು ಸಾವಿರ ಹತ್ತಿರ ಹೋಯಿತು. ಜನವರಿಯಲ್ಲಿ ಅದು ನಮ್ಮ ಗದ್ದೆಗೆ ಬಂತು. ಹಿಂದಿನ ಸೀಟಿನಿಂದ ಮೊದಲು ಇಳಿದದ್ದು ಮಕ್ಕಳು, ಆಮೇಲೆ ಎರಡು ದಿನದ ಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡ ಅಜ್ಜಿ. ಅವರು ಇಷ್ಟು ವರ್ಷ ಡೆಕ್ಕಿನಲ್ಲಿ ಕೂತು, ಅದಕ್ಕೂ ಮೊದಲು ಕತ್ತೆಗಳ ಹಿಂದೆ ನಡೆದು ಬಂದವರು. ಗಾಜಿನೊಳಗೆ ಕೂತು ಈ ದಾರಿಯನ್ನು ನೋಡಿದ್ದು ಇದೇ ಮೊದಲು ಎಂದರು.

ಫೆಬ್ರುವರಿಯಲ್ಲಿ ಸೂರಗೊಂಡನಕೊಪ್ಪದ ಜಾತ್ರೆಗೆ ಮಾಲೆ ಧರಿಸಿದ ಭಕ್ತರು ದೂರದ ಊರುಗಳಿಂದ ನಡೆದು ಬರುತ್ತಾರೆ. ಅವರ ಅಡುಗೆ ಸಾಮಾನು, ಹಾಸಿಗೆ ಹೊತ್ತ ಗಾಡಿಗಳು ಹಿಂದೆ ಬರುತ್ತವೆ. ಅದೇ ಹೊತ್ತಿಗೆ ಮಂದೆಗಳ ಗಾಡಿ, ಅಡಿಕೆ ಚೀಲದ ಗಾಡಿ ಎಲ್ಲ ಇದೇ ರಸ್ತೆಗಳಲ್ಲಿ ಇರುತ್ತವೆ. ಈ ವರ್ಷ ಹಳೆಯ ಪಿಕಪ್ ಕೊಳ್ಳಲು ಹೊರಟಿರುವವರಲ್ಲಿ ನನ್ನದೊಂದು ಕೇಳಿಕೆ. ಅಡ್ವಾನ್ಸ್ ಕೈಗಿಡುವ ಮುನ್ನ ಗಾಡಿಯ ಕೆಳಗೆ ಒಮ್ಮೆ ಮಲಗಿ ನೋಡಿ, ಒಮ್ಮೆ ವೇ ಬ್ರಿಜ್ ಹತ್ತಿಸಿ, ನಿಮ್ಮ ಮನೆಯವರನ್ನು ಎಣಿಸಿ ಅಷ್ಟು ಸೀಟು ಇದೆಯೇ ನೋಡಿ. ಇಲ್ಲದಿದ್ದರೆ ಆ ಗಾಡಿ ಬಿಟ್ಟುಬಿಡಿ, ಇನ್ನೊಂದು ಸಿಗುತ್ತದೆ.